ಮುಳ್ಳಯ್ಯನಗಿರಿಗೆ ಮನೆಮಂದಿಯೊಡನೆ

ಕರ್ನಾಟಕದ ಅತ್ಯುನ್ನತ ಶಿಖರ ಯಾವುದು ಎಂದು ಕೇಳಿದರೆ ಶಾಲೆಗೆ ಹೋಗುವ ಮಕ್ಕಳು ಥಟ್ಟನೆ ಉತ್ತರ ಹೇಳುತ್ತಾರೆ. ಆದರೆ ಆ ಶಿಖರವನ್ನು ತಮ್ಮ ಕಾಲುಗಳಿಂದಲೇ ನಡೆದು ಮುಟ್ಟಿದವರು ನಮ್ಮ ಮನೆಗಳಲ್ಲಿ ಎಷ್ಟು ಮಂದಿ ಇದ್ದಾರೆ? ವಾಹನದಲ್ಲಿ ಹೋಗಿ, ನಾಲ್ಕು ಚಿತ್ರ ತೆಗೆದುಕೊಂಡು, ಕಾಫಿ ಕುಡಿದು ಬಂದವರು ಬೇಕಾದಷ್ಟು ಜನರಿದ್ದಾರೆ. ನಡೆದು ಏರುವುದೆಂದರೆ ಅದು ಕಾಲೇಜು ಹುಡುಗರ ಕೆಲಸ, ಸಂಸಾರಸ್ಥರಿಗೆ ಹೇಳಿದ್ದಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ಸರಿಯಲ್ಲವೆಂಬುದನ್ನು ಮುಳ್ಳಯ್ಯನಗಿರಿ ನಮಗೆ ತೋರಿಸಿಕೊಟ್ಟಿತು. ಸರಿಯಾದ ಸಿದ್ಧತೆಯೊಂದಿದ್ದರೆ ಹತ್ತು ವರ್ಷದ ಮಕ್ಕಳಿಂದ ಹಿಡಿದು ಆರೋಗ್ಯವಂತರಾದ ಹಿರಿಯರವರೆಗೆ ಎಲ್ಲರೂ ಒಂದೇ ದಿನದಲ್ಲಿ ಏರಿ ಇಳಿಯಬಹುದಾದ ಗಿರಿ ಇದು. ಅದು ಹೇಗೆಂಬುದನ್ನು ಓದುಗ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಚಂದ್ರದ್ರೋಣದ ಮಡಿಲು

ಚಿಕ್ಕಮಗಳೂರಿನ ಉತ್ತರಕ್ಕೆ ಬಿದಿಗೆಯ ಚಂದ್ರನಂತೆ ಬಾಗಿ ನಿಂತಿರುವ ಬೆಟ್ಟಗಳ ಸಾಲಿಗೆ ಚಂದ್ರದ್ರೋಣ ಪರ್ವತವೆಂದು ಹೆಸರು. ಬಾಬಾಬುಡನ್‌ಗಿರಿ ಶ್ರೇಣಿ ಎಂದು ಕರೆಯುವುದೂ ಇದನ್ನೇ. ಈ ಸಾಲಿನ ಮುಕುಟಮಣಿಯಾದ ಮುಳ್ಳಯ್ಯನಗಿರಿ ಸಮುದ್ರಮಟ್ಟದಿಂದ 1930 ಮೀಟರ್, ಎಂದರೆ 6,300 ಅಡಿಗೂ ಮಿಗಿಲಾದ ಎತ್ತರದಲ್ಲಿದೆ. ದಕ್ಷಿಣದ ನೀಲಗಿರಿಯನ್ನು ಬಿಟ್ಟು ಉತ್ತರಕ್ಕೆ ಹೊರಟರೆ ಹಿಮಾಲಯದವರೆಗೆ ಇದನ್ನು ಮೀರಿಸುವ ಶಿಖರವಿಲ್ಲವೆಂದು ಹೇಳುವುದುಂಟು.

ಎತ್ತರಕ್ಕಿಂತ ದೊಡ್ಡ ಮಾತು ನೀರಿನದು. ಈ ಶ್ರೇಣಿಯ ಪಶ್ಚಿಮದ ಇಳಿಜಾರಿನಲ್ಲಿ ಬಿದ್ದ ಮಳೆ ಭದ್ರೆಯನ್ನು ಸೇರುತ್ತದೆ. ಪೂರ್ವದ ಕಡೆ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ತೊರೆಗಳು ಕೂಡಿ ವೇದಾವತಿಯಾಗಿ, ಚಿತ್ರದುರ್ಗ ಸೀಮೆಯ ವಾಣಿವಿಲಾಸ ಸಾಗರವನ್ನು ತುಂಬಿ, ಮುಂದೆ ಹಗರಿ ಎಂಬ ಹೆಸರಿನಿಂದ ತುಂಗಭದ್ರೆಗೆ ಸೇರುತ್ತವೆ. ಇದೇ ಶ್ರೇಣಿಯಲ್ಲಿ ಹುಟ್ಟುವ ಯಗಚಿ ಬೇಲೂರಿನ ಕಡೆಗೆ ಹರಿದು ಹೇಮಾವತಿಯ ಮೂಲಕ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಎಂದರೆ ಕೃಷ್ಣೆಯ ನೀರೂ ಕಾವೇರಿಯ ನೀರೂ ಬೇರೆ ಬೇರೆ ದಾರಿ ಹಿಡಿಯುವುದು ಈ ಬೆಟ್ಟಗಳ ನೆತ್ತಿಯ ಮೇಲೆ. ದಾವಣಗೆರೆಯ ಭದ್ರಾ ನಾಲೆಯ ಬತ್ತದ ಗದ್ದೆಗೂ, ಹಿರಿಯೂರಿನ ತೆಂಗಿನ ತೋಟಕ್ಕೂ, ಬೇಲೂರಿನ ಕೆರೆಗೂ ಈ ಗಿರಿಸಾಲು ತವರುಮನೆಯಂತಿದೆ.

ಇಲ್ಲಿಯ ಕಲ್ಲುಗಳು ಬಹು ಪ್ರಾಚೀನವಾದವು. ಇನ್ನೂರೆಪ್ಪತ್ತು ಕೋಟಿ ವರ್ಷಗಳಿಗೂ ಹಿಂದಿನ ಶಿಲಾಪದರಗಳಿವೆಯೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಕಬ್ಬಿಣದ ಅಂಶ ಹೆಚ್ಚಿರುವ ಕಾರಣ ಅಲ್ಲಲ್ಲಿ ಮಣ್ಣು ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ಕೆಳಗಿನ ಇಳಿಜಾರಿನಲ್ಲಿ ಸಿಲ್ವರ್ ಮರಗಳ ನೆರಳಿನ ಕಾಫಿ ತೋಟಗಳಿದ್ದು ಮರಗಳನ್ನು ಮೆಣಸಿನ ಬಳ್ಳಿಗಳು ತಬ್ಬಿಕೊಂಡಿವೆ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸೂಫಿ ಸಂತರು ಯೆಮೆನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಇಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಕೇಳದವರಿಲ್ಲ. ಮೇಲೆ ಹೋದಂತೆ ತೋಟಗಳು ಹಿಂದೆ ಸರಿದು ಬರಿಯ ಹುಲ್ಲುಗಾವಲು ಎದುರಾಗುತ್ತದೆ. ಎರಡು ಗುಡ್ಡಗಳ ನಡುವಣ ಮಡಿಕೆಗಳಲ್ಲಿ ಮಾತ್ರ ಗಿಡ್ಡ ಮರಗಳ ದಟ್ಟವಾದ ಕಾಡು ಅಡಗಿರುತ್ತದೆ. ಇದಕ್ಕೆ ಶೋಲಾ ಕಾಡು ಎಂದು ಹೆಸರು. ಮೇಲಿನ ಹುಲ್ಲು ಮಳೆಯ ಹೊಡೆತವನ್ನು ತಡೆಯುತ್ತದೆ, ಮಡಿಕೆಯ ಕಾಡು ಆ ನೀರನ್ನು ಹೀರಿ ಹಿಡಿದಿಟ್ಟುಕೊಂಡು ಬೇಸಗೆಯ ತನಕ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಮೇಲೆ ಹೇಳಿದ ನದಿಗಳೆಲ್ಲವೂ ಈ ಉಪಕಾರದಿಂದಲೇ ಬದುಕಿವೆ.

ಗಿರಿಯೂ ನಾವೂ

ಶಿಖರದ ಮೇಲಿರುವುದು ಮುಳ್ಳಪ್ಪ ಸ್ವಾಮಿಗಳ ಗದ್ದುಗೆ. ಅಲ್ಲಿಯ ಗುಹೆಗಳಲ್ಲಿ ಅವರು ತಪಸ್ಸು ಮಾಡಿದರೆಂದು ಸುತ್ತಲಿನ ಜನ ನಂಬುತ್ತಾರೆ. ದಾರಿಯಲ್ಲಿ ಸಿಗುವ ಸೀತಾಳಯ್ಯನಗಿರಿಯಲ್ಲಿ ಶಿವಾಲಯವೂ ಮಠವೂ ಇದ್ದು, ಅಲ್ಲಿಯ ಲಿಂಗದ ಸುತ್ತ ಸದಾ ನೀರು ನಿಂತಿರುತ್ತದೆ. ಇದೇ ಸಾಲಿನ ಮತ್ತೊಂದು ತುದಿಯಾದ ಮಲ್ಲೇನಹಳ್ಳಿಯ ದೇವೀರಮ್ಮನ ಬೆಟ್ಟವನ್ನು ದೀಪಾವಳಿಯ ನರಕ ಚತುರ್ದಶಿಯ ಹೊತ್ತಿಗೆ ಸಾವಿರಾರು ಜನ, ಹೆಂಗಸರು ಮಕ್ಕಳೆನ್ನದೆ, ಬರಿಗಾಲಿನಲ್ಲಿ ಏರುತ್ತಾರೆ. ಬೆಟ್ಟ ಹತ್ತುವುದು ಪಟ್ಟಣದವರು ಹೊಸದಾಗಿ ಕಂಡುಹಿಡಿದ ಹವ್ಯಾಸವಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೂ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಅಂಗೈಯಲ್ಲಿ ಇಷ್ಟಲಿಂಗವಿರುವವರು ದೇವರನ್ನು ಹುಡುಕಿಕೊಂಡು ಬೆಟ್ಟದ ತುದಿಗೆ ಹೋಗಬೇಕೇಕೆ? ದೇಹವೇ ದೇಗುಲವೆಂದು ಸಾರಿದ ಶರಣರ ಮಕ್ಕಳು ನಾವಲ್ಲವೇ? ನಮ್ಮ ತಂಡದಲ್ಲಿಯೂ ಈ ಮಾತು ಬಂದಿತ್ತು. ದೇವರು ಅಲ್ಲಿ ಮಾತ್ರ ಇದ್ದಾನೆಂದು ನಾವು ಹೋಗುವುದಿಲ್ಲ, ನಮ್ಮೊಡನೆಯೇ ಬರುತ್ತಾನೆಂಬ ಧೈರ್ಯದಿಂದ ಹೋಗುತ್ತೇವೆ ಎಂದು ತಂಡದ ಹಿರಿಯರೊಬ್ಬರು ಹೇಳಿದರು. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೂ, ಕಲ್ಯಾಣದಿಂದ ಶ್ರೀಶೈಲದ ಕದಳಿಗೂ ನಡೆದೇ ಹೋದಳು; ಅಲ್ಲಮಪ್ರಭುಗಳು ನಾಡನ್ನೆಲ್ಲ ನಡೆದೇ ಸುತ್ತಿದರು. ನಡಿಗೆ ನಮ್ಮ ಪರಂಪರೆಗೆ ಹೊರಗಿನದಲ್ಲ. ಗಿರಿಯ ತುದಿಯನ್ನು ಮುಟ್ಟಿದರೆ ಸಂತೋಷ, ಮುಟ್ಟದಿದ್ದರೆ ಕಳೆದುಕೊಂಡದ್ದು ಏನೂ ಇಲ್ಲ. ಈ ಮನೋಭಾವ ಎಷ್ಟು ಉಪಯೋಗಕ್ಕೆ ಬರುತ್ತದೆಂಬುದು ಮುಂದೆ ತಿಳಿಯುತ್ತದೆ.

ಯಾವಾಗ ಹೋಗಬೇಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮಳೆ ಜೋರಾಗಿರುತ್ತದೆ. ಹುಲ್ಲು ಜಾರುತ್ತದೆ, ಮೋಡ ಕವಿದು ಹತ್ತಡಿ ದೂರದ ದಾರಿಯೂ ಕಾಣುವುದಿಲ್ಲ. ಘಾಟಿಯ ರಸ್ತೆಗೆ ಮಣ್ಣು ಕುಸಿದು ಪ್ರವೇಶವನ್ನೇ ನಿಲ್ಲಿಸುವುದೂ ಉಂಟು. ಮಾರ್ಚ್ ಬಂದರೆ ಬಿಸಿಲು, ಒಣಹುಲ್ಲು ಮತ್ತು ಕಾಳ್ಗಿಚ್ಚಿನ ಭಯ. ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿ ಸಿಡಿಲು ಹೆಚ್ಚು. ಮರವಿಲ್ಲದ ಬೋಳು ಬೆನ್ನಿನ ಮೇಲೆ ಮನುಷ್ಯನೇ ಎತ್ತರದ ವಸ್ತುವಾಗುತ್ತಾನೆ. ಆದ್ದರಿಂದ ಸಂಸಾರ ಸಮೇತ ಹೊರಡುವವರಿಗೆ ಅಕ್ಟೋಬರ್ ಕೊನೆಯಿಂದ ಫೆಬ್ರುವರಿಯವರೆಗಿನ ಕಾಲವೇ ಪ್ರಶಸ್ತ. ಹಲವು ವರ್ಷಗಳಿಗೊಮ್ಮೆ ಗುರಿಗೆ ಹೂ ಬಿಟ್ಟು ಇಡೀ ಗುಡ್ಡ ನೀಲಿಯಾಗುತ್ತದೆ. 2022ರ ಶರತ್ಕಾಲದಲ್ಲಿ ಹಾಗೆ ಅರಳಿದಾಗ ನಾಡಿನ ಎಲ್ಲ ಮೂಲೆಗಳಿಂದ ಜನ ಬಂದಿದ್ದರು.

ರಜಾದಿನ, ಹಬ್ಬ ಮತ್ತು ಶನಿವಾರ ಭಾನುವಾರಗಳನ್ನು ಬಿಟ್ಟು ಹೋಗುವುದು ಉತ್ತಮ. ವಾಹನ ದಟ್ಟಣೆ ಮಿತಿಮೀರಿದ ಕಾರಣ 2025ರ ಸೆಪ್ಟೆಂಬರ್‌ನಿಂದ ಗಿರಿಪ್ರದೇಶಕ್ಕೆ ಹೋಗುವ ವಾಹನಗಳಿಗೆ ಜಾಲತಾಣದಲ್ಲಿ ಮುಂಗಡ ನೋಂದಣಿಯನ್ನು ಜಿಲ್ಲಾಡಳಿತ ಜಾರಿಗೆ ತಂದಿದೆ. ಬೆಳಗಿನ ಸರದಿ, ಮಧ್ಯಾಹ್ನದ ಸರದಿ ಎಂದು ದಿನವನ್ನು ಎರಡಾಗಿ ವಿಂಗಡಿಸಿ, ಒಂದೊಂದಕ್ಕೂ ವಾಹನಗಳ ಮಿತಿಯನ್ನು ಗೊತ್ತುಮಾಡಿದ್ದಾರೆ. ಅರಣ್ಯ ಇಲಾಖೆಯೂ ತನ್ನ ಚಾರಣದ ಹಾದಿಗಳಿಗೆ ಮುಂಗಡ ಅನುಮತಿ ಪಡೆಯುವ ಏರ್ಪಾಡನ್ನು 2024ರಲ್ಲಿ ಮಾಡಿದೆ. ಹೊರಡುವ ವಾರದಲ್ಲಿ ಇವೆರಡನ್ನೂ ವಿಚಾರಿಸಿಕೊಂಡೇ ದಿನವನ್ನು ನಿಶ್ಚಯಿಸಬೇಕು. ಕೈಮರದ ತನಿಖಾ ಠಾಣೆಯವರೆಗೆ ಹೋಗಿ ಮಕ್ಕಳ ಮುಖ ನೋಡುತ್ತ ಹಿಂದಿರುಗುವ ಸಂಕಟ ಯಾರಿಗೂ ಬೇಡ.

ಯಾವ ದಾರಿ, ಎಷ್ಟು ಹೊತ್ತು

ಚಿಕ್ಕಮಗಳೂರಿನಿಂದ ಗಿರಿ ಸುಮಾರು 20 ಕಿಲೋಮೀಟರ್. ಬೆಂಗಳೂರಿನಿಂದ ಹಾಸನದ ಮಾರ್ಗವಾಗಿ ಚಿಕ್ಕಮಗಳೂರಿಗೆ ಸುಮಾರು 245 ಕಿಲೋಮೀಟರ್ ಆಗುತ್ತದೆ. ರೈಲಿನಲ್ಲಿ ಬರುವವರು ಕಡೂರಿನಲ್ಲಿ ಇಳಿದು ಬಸ್ಸು ಹಿಡಿಯಬಹುದು. 2013ರಲ್ಲಿ ಕಡೂರು–ಚಿಕ್ಕಮಗಳೂರು ರೈಲುಮಾರ್ಗವೂ ಆರಂಭವಾಗಿದೆ. ಎಲ್ಲಿಂದ ಬಂದರೂ ಹಿಂದಿನ ರಾತ್ರಿಯೇ ಚಿಕ್ಕಮಗಳೂರನ್ನು ಸೇರಿ ವಿಶ್ರಮಿಸಿಕೊಳ್ಳುವುದು ಮುಖ್ಯ. ರಾತ್ರಿಯೆಲ್ಲ ವಾಹನದಲ್ಲಿ ತೂಕಡಿಸಿ ಬೆಳಿಗ್ಗೆ ಬೆಟ್ಟ ಹತ್ತುವುದು ಹಿರಿಯರಿಗೂ ಒಳ್ಳೆಯದಲ್ಲ, ಆ ತಿರುವುಗಳಲ್ಲಿ ವಾಹನ ನಡೆಸುವವರಿಗೂ ಒಳ್ಳೆಯದಲ್ಲ.

ಶಿಖರಕ್ಕೆ ಎರಡು ದಾರಿಗಳಿವೆ. ಮೊದಲನೆಯದು ವಾಹನದ ರಸ್ತೆ. ಅದು ಮುಗಿದ ಮೇಲೆ ನಾಲ್ಕೈದು ನೂರು ಮೆಟ್ಟಿಲುಗಳನ್ನು ಏರಿದರೆ ಗದ್ದುಗೆ. ಎರಡನೆಯದು ಸರ್ಪದಾರಿ. ಘಾಟಿಯ ರಸ್ತೆಯ ಪಕ್ಕದಿಂದ ಹೊರಟು, ಹೆಸರಿಗೆ ತಕ್ಕಂತೆ ಹಾವಿನ ಹಾಗೆ ಹೊರಳುತ್ತ, ಹುಲ್ಲುಗಾವಲಿನ ಬೆನ್ನೇರಿ ಮೇಲೆ ಹೋಗುವ ಕಾಲುದಾರಿ ಇದು. ಉದ್ದ ಮೂರರಿಂದ ನಾಲ್ಕು ಕಿಲೋಮೀಟರ್. ಕೈಯೂರಿ ಹತ್ತಬೇಕಾದ ಕಡಿದಾದ ಬಂಡೆಗಳು ಹೆಚ್ಚಿಲ್ಲ. ಆದರೆ ಏರು ಬಿಡುವಿಲ್ಲದೆ ಸಾಗುತ್ತದೆ ಮತ್ತು ನೆರಳು ಬಹಳ ಕಡಮೆ.

ವೇಳೆಯನ್ನು ಅಂದಾಜು ಮಾಡಲು ಒಂದು ಹಳೆಯ ಸೂತ್ರವಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿಕೊಟ್ಟ ಆ ಲೆಕ್ಕದ ಪ್ರಕಾರ ಸಮತಟ್ಟಿನ 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ; ಇದಲ್ಲದೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಸರ್ಪದಾರಿಯನ್ನು 4 ಕಿಲೋಮೀಟರ್ ದೂರ, 450 ಮೀಟರ್ ಏರು ಎಂದು ಹಿಡಿದರೆ, ದೂರಕ್ಕೆ 48 ನಿಮಿಷ, ಏರಿಗೆ 45 ನಿಮಿಷ, ಒಟ್ಟು ಒಂದೂವರೆ ಗಂಟೆಗೆ ತುಸು ಹೆಚ್ಚು. ಇದು ಗಟ್ಟಿಗರ ಲೆಕ್ಕ. ಮಕ್ಕಳು, ಹಿರಿಯರು, ವಿಶ್ರಾಂತಿ, ನೀರು, ನೋಟ ಎಲ್ಲವನ್ನೂ ಸೇರಿಸಿ ಇದರ ಅರ್ಧದಷ್ಟನ್ನು ಕೂಡಿಸಿಕೊಳ್ಳಬೇಕು. ಹಾಗಾದರೆ ಎರಡೂಕಾಲು ಗಂಟೆಯಿಂದ ಎರಡೂವರೆ ಗಂಟೆ. ಇಳಿಯುವುದಕ್ಕೆ ಒಂದೂವರೆ ಗಂಟೆ ಬೇಕು. ಶಿಖರದಲ್ಲಿ ಒಂದು ಗಂಟೆ ಕುಳಿತರೂ ಬೆಳಿಗ್ಗೆ ಏಳಕ್ಕೆ ಹೊರಟವರು ಹನ್ನೆರಡರೊಳಗೆ ಕೆಳಗಿರುತ್ತಾರೆ.

ಇದರೊಡನೆ ಮತ್ತೊಂದು ವೇಳೆಯನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಳ್ಳಬೇಕು. ಅದು ಹಿಂದಿರುಗುವ ವೇಳೆ. ಎಲ್ಲಿಯೇ ಇರಲಿ, ಶಿಖರಕ್ಕೆ ನೂರು ಹೆಜ್ಜೆಯೇ ಉಳಿದಿರಲಿ, ಆ ಗಂಟೆಯಾದ ಕೂಡಲೇ ತಿರುಗಿ ಹೊರಡಬೇಕು. ಬೆಟ್ಟದ ಮೇಲೆ ನಿಂತು ಈ ನಿರ್ಧಾರವನ್ನು ಮಾಡಲು ಹೋದರೆ ಆಸೆ ಬುದ್ಧಿಯನ್ನು ಸೋಲಿಸುತ್ತದೆ. ನಾವು ಹತ್ತೂವರೆ ಎಂದು ಗೊತ್ತುಮಾಡಿಕೊಂಡಿದ್ದೆವು.

ಜೋಳಿಗೆಯಲ್ಲಿ ಏನಿರಬೇಕು

ಒಬ್ಬೊಬ್ಬರಿಗೂ ಎರಡು ಲೀಟರ್ ನೀರು ಬೇಕು. ದಾರಿಯಲ್ಲಿ ನೀರು ಸಿಗುತ್ತದೆಂದು ನಂಬಬಾರದು. ಬುತ್ತಿಗೆ ನಮ್ಮ ಕಡೆಯ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಬೆಲ್ಲ ಇವುಗಳಿಗಿಂತ ಉತ್ತಮವಾದದ್ದು ಬೇರೊಂದಿಲ್ಲ. ಇವು ಹಗುರ, ಕೆಡುವುದಿಲ್ಲ, ಹೊಟ್ಟೆ ಭಾರವಾಗುವುದೂ ಇಲ್ಲ. ಮಕ್ಕಳಿಗೆ ಮಂಡಕ್ಕಿ, ಬಾಳೆಹಣ್ಣು. ಮೊಸರನ್ನವನ್ನು ವಾಹನದಲ್ಲಿಯೇ ಇಟ್ಟು ಇಳಿದು ಬಂದ ಮೇಲೆ ಊಟ ಮಾಡುವುದು ಲೇಸು.

ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿಯಷ್ಟು ತಾಪಮಾನ ಇಳಿಯುತ್ತದೆಂಬ ಲೆಕ್ಕದಲ್ಲಿ ಶಿಖರವು ಪಟ್ಟಣಕ್ಕಿಂತ ಐದು ಡಿಗ್ರಿ ತಂಪು. ಗಾಳಿ ಇದಕ್ಕೆ ಬೇರೆ. ಬೆವರಿದ ಮೈಗೆ ಆ ಗಾಳಿ ಸೋಕಿದರೆ ಚಳಿ ತಪ್ಪಿದ್ದಲ್ಲ; ಆದ್ದರಿಂದ ಒಂದು ಸ್ವೆಟರು, ಕಿವಿ ಮುಚ್ಚುವ ವಸ್ತ್ರ ಇರಲೇಬೇಕು. ಹಿಡಿತವುಳ್ಳ ಬೂಟು ಎಲ್ಲರಿಗೂ ಅಗತ್ಯ. ಹೆಣ್ಣುಮಕ್ಕಳು ಸೀರೆಗಿಂತ ಚೂಡಿದಾರ್ ಧರಿಸಿದರೆ ನಡಿಗೆ ಸುಲಭ. ಇಳಿಯುವಾಗ ಮೊಣಕಾಲಿಗೆ ಬೀಳುವ ಭಾರವನ್ನು ಒಂದು ಊರುಗೋಲು ಎಷ್ಟೋ ತಗ್ಗಿಸುತ್ತದೆ. ಇಷ್ಟಲಿಂಗದ ಕರಡಿಗೆಯನ್ನು ಗಟ್ಟಿಯಾದ ಹೊಸ ಶಿವದಾರದಲ್ಲಿ ಕಟ್ಟಿಕೊಂಡು ಅಂಗಿಯ ಒಳಗೆ ಇರಿಸಿಕೊಳ್ಳಬೇಕು. ಬಗ್ಗಿ ಏಳುವ ದಾರಿಯಲ್ಲಿ ಹಳೆಯ ದಾರ ಹರಿಯುವ ಸಂಭವವುಂಟು.

ಹುಳುಗಳ ವಿಷಯದಲ್ಲಿಯೂ ಎರಡು ಮಾತು. ಮಳೆಯ ತೇವ ಉಳಿದಿದ್ದರೆ ಇಂಬಳ ಹತ್ತುತ್ತದೆ. ಕಚ್ಚಿದರೆ ಉಪ್ಪು ಸಾಕು, ಗಾಬರಿ ಬೇಡ. ಉಣ್ಣೆಯ ವಿಷಯ ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಈ ಉಣ್ಣೆಗಳಿಂದಲೇ ಹರಡುವಂಥದು. ಚಿಕ್ಕಮಗಳೂರು ಜಿಲ್ಲೆಯ ಕಾಡಂಚಿನ ತಾಲ್ಲೂಕುಗಳಲ್ಲಿಯೂ ಚಳಿಗಾಲದಿಂದ ಬೇಸಗೆಯವರೆಗೆ ಅದು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಪೂರ್ತಿ ಮೈ ಮುಚ್ಚುವ ಉಡುಪು ಧರಿಸಿ, ಪೊದೆಗಳಲ್ಲಿ ಕುಳಿತುಕೊಳ್ಳದೆ, ಹಿಂದಿರುಗಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನು ಒಗೆಯಬೇಕು. ಎರಡು ವಾರಗಳೊಳಗೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ಹೇಳುವುದನ್ನು ಮರೆಯಬಾರದು.

ನಮ್ಮ ಪಯಣ

ಕಳೆದ ನವೆಂಬರ್ ತಿಂಗಳ ಕೊನೆಯಲ್ಲಿ ದಾವಣಗೆರೆಯ ಕಡೆಯ ನಾಲ್ಕು ಮನೆಗಳ ಹದಿಮೂರು ಮಂದಿ ನಾವು ಹೊರಟಿದ್ದೆವು. ನಾಲ್ವರು ಮಕ್ಕಳು, ಇಬ್ಬರು ಅರವತ್ತು ದಾಟಿದವರು. ಆ ಇಬ್ಬರಲ್ಲಿ ದೊಡ್ಡಮ್ಮನವರ ಸಂಗತಿ ಬೇರೆ. ಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ದೊಡ್ಡಪ್ಪನವರು ಪ್ರತಿವರ್ಷ ಮಕ್ಕಳನ್ನು ಕರೆದುಕೊಂಡು ಈ ಗಿರಿಗೆ ಬರುತ್ತಿದ್ದರು. ಹಿಂದಿನ ರಾತ್ರಿಯೇ ಎದ್ದು ನಲವತ್ತು ಮಕ್ಕಳಿಗೆ ಬುತ್ತಿ ಕಟ್ಟಿಕೊಡುತ್ತಿದ್ದವರು ದೊಡ್ಡಮ್ಮ. ಒಂದು ಸಲವೂ ಅವರು ಬೆಟ್ಟವನ್ನು ಕಂಡಿರಲಿಲ್ಲ. ದೊಡ್ಡಪ್ಪನವರು ಲಿಂಗೈಕ್ಯರಾಗಿ ವರ್ಷ ತುಂಬಿದ ಮೇಲೆ, ಅವರು ನಡೆದ ದಾರಿಯಲ್ಲಿ ತಾವೂ ನಡೆಯಬೇಕೆಂದು ಹಟ ಹಿಡಿದರು. ಅರವತ್ತೆಂಟರ ವಯಸ್ಸು, ಎರಡೂ ಮೊಣಕಾಲುಗಳಲ್ಲಿ ಸವೆತ. ಮಕ್ಕಳು ಬೇಡವೆಂದರು, ಸೊಸೆ ಬೇಡವೆಂದರು. ವೈದ್ಯರು ಮಾತ್ರ, ನಿಧಾನವಾಗಿ ನಡೆಯಲಿ, ನೋವು ಹೆಚ್ಚಾದ ಕೂಡಲೇ ನಿಲ್ಲಲಿ ಎಂದರು.

ಇದಕ್ಕಾಗಿ ನಾವು ಒಂದು ಏರ್ಪಾಡು ಮಾಡಿಕೊಂಡೆವು. ಎರಡು ವಾಹನಗಳಲ್ಲಿ ಒಂದು ಸರ್ಪದಾರಿಯ ಆರಂಭದಲ್ಲಿಯೇ ಕಾದಿರುವುದು. ದೊಡ್ಡಮ್ಮನವರು ಎಷ್ಟು ದೂರ ಸಾಧ್ಯವೋ ಅಷ್ಟು ನಡೆಯುವುದು. ಅವರ ಹಿರಿಯ ಮಗ ಅವರೊಡನೆಯೇ ಇರುವುದು. ಅವರು ತಿರುಗಿದರೆ ತಾನೂ ತಿರುಗುವುದು. ಉಳಿದವರು ಮುಂದುವರಿಯುವುದು. ಇಂತಹ ಹೊಂದಾಣಿಕೆಯನ್ನು ಹೊರಡುವ ಮೊದಲೇ ಎಲ್ಲರೂ ಒಪ್ಪಿಕೊಂಡಿದ್ದರಿಂದ ದಾರಿಯಲ್ಲಿ ವಾದವಿವಾದಕ್ಕೆ ಆಸ್ಪದವಾಗಲಿಲ್ಲ.

ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸ್ನಾನ ಪೂಜೆಗಳನ್ನು ಮುಗಿಸಿ, ಆರು ಗಂಟೆಗೆ ಕೈಮರವನ್ನು ದಾಟಿ, ಆರೂಮುಕ್ಕಾಲಕ್ಕೆ ನಡಿಗೆಯನ್ನು ಆರಂಭಿಸಿದೆವು. ಮುಂದೆ ಒಬ್ಬರು, ಹಿಂದೆ ಒಬ್ಬರು, ನಡುವೆ ಮಕ್ಕಳು. ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆಯೇ ಎಲ್ಲರ ಹೆಜ್ಜೆ ಎಂಬುದು ನಿಯಮ. ಹುಲ್ಲಿನ ತುದಿಯಲ್ಲಿ ಇಬ್ಬನಿ, ಕೆಳಗೆ ಕಾಫಿ ತೋಟಗಳ ಮೇಲೆ ಹತ್ತಿ ಹಾಸಿದಂತೆ ಮಂಜು. ಮೊದಲ ಅರ್ಧಗಂಟೆಯ ಏದುಸಿರು ಕಳೆದ ಮೇಲೆ ದೇಹ ತನ್ನಷ್ಟಕ್ಕೆ ತಾನೇ ಒಂದು ಲಯವನ್ನು ಹಿಡಿಯುತ್ತದೆ.

ದಾರಿಯ ಮೂರನೆಯ ಒಂದು ಭಾಗ ಮುಗಿದಿತ್ತು. ಒಂದು ಚಪ್ಪಟೆಯ ಬಂಡೆಯ ಬಳಿ ದೊಡ್ಡಮ್ಮನವರು ನಿಂತರು. ಎಡಗಾಲು ಊರಲಾಗುತ್ತಿಲ್ಲವೆಂಬುದು ಅವರ ಮುಖದಿಂದಲೇ ತಿಳಿಯುತ್ತಿತ್ತು. ಯಾರೂ ಮಾತನಾಡಲಿಲ್ಲ. ಅವರೇ ಹೇಳಿದರು: “ಬೆಟ್ಟ ಎಲ್ಲಿಗೂ ಹೋಗಲ್ಲಪ್ಪಾ, ಮೊಣಕಾಲು ಹೋದ್ರೆ ಮತ್ತೆ ಬರಲ್ಲ. ನೀವು ಹೋಗಿ ಬರ್ರಿ.” ಬಂಡೆಯ ಮೇಲೆ ಶಾಲು ಹಾಸಿಕೊಂಡು ಕುಳಿತು, ಕರಡಿಗೆಯಿಂದ ಲಿಂಗವನ್ನು ತೆಗೆದು ಅಂಗೈಯಲ್ಲಿರಿಸಿಕೊಂಡರು. ದಾರಿಯಲ್ಲಿ ಮೊಮ್ಮಗಳು ಕಿತ್ತುಕೊಟ್ಟಿದ್ದ ಎರಡು ಕಾಡುಹೂಗಳೇ ಅಂದಿನ ಪತ್ರೆ ಪುಷ್ಪ. ಹತ್ತು ನಿಮಿಷ ನಾವೆಲ್ಲ ಸುಮ್ಮನೆ ನಿಂತಿದ್ದೆವು. ಅವರ ಎದುರಿಗೆ ಕಣಿವೆ, ಹಿಂದೆ ಶಿಖರ. ಶಿಖರದ ಕಡೆಗೆ ಅವರು ತಿರುಗಿಯೂ ನೋಡಲಿಲ್ಲ. ಬಳಿಕ ಮಗನ ತೋಳು ಹಿಡಿದು, ಇನ್ನೊಂದು ಕೈಯಲ್ಲಿ ಊರುಗೋಲು ಹಿಡಿದು, ಮೆಲ್ಲಮೆಲ್ಲನೆ ಇಳಿದುಹೋದರು.

ನಾವು ಮುಂದುವರಿದೆವು. ಎಂಟೂವರೆಯ ಹೊತ್ತಿಗೆ ಪಶ್ಚಿಮದ ಕಣಿವೆಯಿಂದ ಮೋಡವೆದ್ದು ಇಡೀ ಬೆನ್ನನ್ನು ಮುಚ್ಚಿಬಿಟ್ಟಿತು. ಮುಂದಿದ್ದವರು ಕಾಣದಾದರು. ಇಂತಹ ಸಂದರ್ಭದಲ್ಲಿ ಮಾಡಬೇಕಾದದ್ದು ಒಂದೇ: ಇದ್ದಲ್ಲಿಯೇ ನಿಲ್ಲುವುದು. ಮಂಜಿನಲ್ಲಿ ದನಗಳ ದಾರಿಯೂ ಮನುಷ್ಯರ ದಾರಿಯೂ ಒಂದೇ ತೆರನಾಗಿ ತೋರುತ್ತವೆ. ಎಲ್ಲರನ್ನೂ ಒಂದೆಡೆ ಕೂಡಿಸಿ, ತಲೆ ಎಣಿಸಿ, ಮಕ್ಕಳಿಗೆ ಸ್ವೆಟರು ತೊಡಿಸಿ, ಬೆಲ್ಲ ಮಂಡಕ್ಕಿ ಹಂಚಿದೆವು. ಗಡಿಯಾರ ಒಂಬತ್ತು ದಾಟಿತು. ಹಿಂದಿರುಗುವ ವೇಳೆಗೆ ಇನ್ನು ಒಂದೂವರೆ ಗಂಟೆ. ಹೋಗಿಬಿಡೋಣವೆಂದು ತರುಣರು, ಇಳಿದುಬಿಡೋಣವೆಂದು ತಾಯಂದಿರು. ಗೊತ್ತುಮಾಡಿಕೊಂಡ ಗಂಟೆಯೊಂದು ಇದ್ದುದರಿಂದ ಎರಡೂ ಕಡೆಯವರು ಕಾಯಲು ಒಪ್ಪಿದರು. ಒಂಬತ್ತೂಕಾಲಕ್ಕೆ ಗಾಳಿ ಬೀಸಿ ಮೋಡ ಹರಿಯಿತು. ಗದ್ದುಗೆಯ ಗೋಡೆ ತಲೆಯ ಮೇಲೆಯೇ ನಿಂತಿತ್ತು.

ನೆತ್ತಿಯ ಮೇಲೆ

ಹತ್ತಕ್ಕೆ ಹತ್ತು ನಿಮಿಷವಿರುವಾಗ ಮೇಲೆ ತಲುಪಿದೆವು. ಶಿಖರದ ಮೇಲಿನ ಜಾಗ ವಿಶಾಲವಾದದ್ದಲ್ಲ. ತಗ್ಗು ಗೋಡೆಯ ಆವರಣ, ನಡುವೆ ಮುಳ್ಳಪ್ಪ ಸ್ವಾಮಿಗಳ ಗದ್ದುಗೆಯ ಸರಳವಾದ ಗುಡಿ, ಪಕ್ಕದಲ್ಲಿ ಪೊಲೀಸ್ ಇಲಾಖೆಯ ನಿಸ್ತಂತು ಕೇಂದ್ರ. ಪಾದರಕ್ಷೆಗಳನ್ನು ಬಿಟ್ಟು ಗದ್ದುಗೆಗೆ ನಮಸ್ಕರಿಸಿ ವಿಭೂತಿ ಧರಿಸಿ ಕುಳಿತೆವು. ಪೂರ್ವಕ್ಕೆ ಚಿಕ್ಕಮಗಳೂರಿನ ಬಯಲು, ಅಲ್ಲಲ್ಲಿ ಹೊಳೆಯುವ ಕೆರೆಗಳು. ಪಶ್ಚಿಮಕ್ಕೆ ಒಂದರ ಹಿಂದೊಂದು ನೀಲಿಯ ತೆರೆಗಳಂತೆ ಸಹ್ಯಾದ್ರಿಯ ಸಾಲುಗಳು. ಉತ್ತರಕ್ಕೆ ಬಾಗಿ ಹೋಗುವ ಚಂದ್ರದ್ರೋಣದ ಬೆನ್ನು. ಈ ಕಡೆ ಉಗುಳಿದರೆ ಕೃಷ್ಣೆಗೆ, ಆ ಕಡೆ ಉಗುಳಿದರೆ ಕಾವೇರಿಗೆ ಹೋಗುತ್ತದೆಯೇ ಎಂದು ಹುಡುಗನೊಬ್ಬ ಕೇಳಿ ಎಲ್ಲರನ್ನೂ ನಗಿಸಿದ. ಎರಡೂ ಕಡೆ ಕುಡಿಯುವವರಿದ್ದಾರೆ, ಉಗುಳಬೇಡ ಎಂದು ಅವನ ತಾಯಿ ಉತ್ತರಿಸಿದರು. ಜಲಸಂರಕ್ಷಣೆಯ ಪಾಠವನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ.

ಹತ್ತೂವರೆಗೆ ಎದ್ದೆವು. ಮಕ್ಕಳಿಬ್ಬರು ಒಬ್ಬ ಹಿರಿಯರೊಡನೆ ಮೆಟ್ಟಿಲ ದಾರಿಯಿಂದ ಇಳಿದರು. ಮೆಟ್ಟಿಲುಗಳ ಬುಡಕ್ಕೆ ವಾಹನದಲ್ಲಿ ಬಂದಿದ್ದ ದೊಡ್ಡಮ್ಮನವರು ಬಿಸಿ ಚಹಾ ಕುಡಿಯುತ್ತ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದರು. ಮೊಮ್ಮಗಳು ಕಾಗದದಲ್ಲಿ ಕಟ್ಟಿ ತಂದ ವಿಭೂತಿಯನ್ನು ಹಣೆಗೆ ಹಚ್ಚಿಕೊಂಡು, ಮೇಲೆ ಗಾಳಿ ಹೇಗಿತ್ತು, ಏನು ಕಂಡಿತು, ಯಾರು ಎಡವಿದರು ಎಂದು ಒಂದೊಂದನ್ನೂ ಕೇಳಿದರು. ಹಿಂದೆ ದೊಡ್ಡಪ್ಪನವರು ಮನೆಗೆ ಬಂದಾಗಲೂ ಹೀಗೆಯೇ ಕೇಳುತ್ತಿದ್ದರಂತೆ. ಈ ಸಲ ಆ ಬಂಡೆಯವರೆಗಿನ ದಾರಿಯನ್ನು ಯಾರೂ ಅವರಿಗೆ ಹೇಳಬೇಕಾಗಿರಲಿಲ್ಲ.

ನಮ್ಮ ಕರ್ತವ್ಯ

ಇಳಿಯುವಾಗ ಎರಡು ಕೈಚೀಲಗಳಲ್ಲಿ ದಾರಿಯ ಪ್ಲಾಸ್ಟಿಕ್ ಕಸವನ್ನು ಆಯ್ದು ತಂದೆವು. ಬಾಟಲಿ, ಕುರುಕಲು ತಿಂಡಿಯ ಪೊಟ್ಟಣ, ಚಮಚ. ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ 2022ರ ಜುಲೈಯಿಂದ ದೇಶದಾದ್ಯಂತ ನಿಷೇಧವಿದೆ. ಬೆಟ್ಟಕ್ಕೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಕಾಯಕವೇ ಕೈಲಾಸವೆಂದು ನಂಬಿದವರು ತಮ್ಮ ಕಸವನ್ನಷ್ಟೇ ಅಲ್ಲದೆ ಇತರರ ಕಸವನ್ನೂ ಒಂದು ಹಿಡಿ ಎತ್ತಿ ತಂದರೆ ಅದೂ ಒಂದು ದಾಸೋಹ. ಬೆಂಕಿಪೊಟ್ಟಣವನ್ನು ಒಯ್ಯಬೇಡಿರಿ, ಕರ್ಪೂರ ಊದಿನಕಡ್ಡಿಗಳನ್ನು ಹುಲ್ಲಿನ ಮೇಲೆ ಹಚ್ಚಬೇಡಿರಿ. ಸಿದ್ಧವಿರುವ ಕಾಲುದಾರಿಯನ್ನು ಬಿಟ್ಟು ಅಡ್ಡದಾರಿ ತುಳಿಯಬೇಡಿರಿ. ಹುಲ್ಲು ಸವೆದ ಜಾಗದಲ್ಲಿ ಮುಂದಿನ ಮಳೆಗೆ ಕೊರಕಲು ಬೀಳುತ್ತದೆ, ಆ ಕೊರಕಲೇ ಕುಸಿತಕ್ಕೆ ಮೊದಲು. ವಾಹನಗಳು ಕಡಮೆಯಾದಷ್ಟೂ ಗಿರಿಗೆ ಉಸಿರು. ನಾಲ್ಕು ಮನೆಗಳು ಕೂಡಿ ಒಂದೆರಡು ವಾಹನಗಳಲ್ಲಿ ಹೋದರೆ ಖರ್ಚೂ ಉಳಿಯುತ್ತದೆ, ಬಾಂಧವ್ಯವೂ ಬೆಳೆಯುತ್ತದೆ.

ಇನ್ನೊಂದು ದಿನದ ಬಿಡುವಿದ್ದವರು ಭದ್ರಾ ನದಿಯ ದಂಡೆಯ ಬಾಳೆಹೊನ್ನೂರಿನ ರಂಭಾಪುರಿ ಪೀಠವನ್ನಾಗಲಿ, ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿರುವ ಹೊಯ್ಸಳರ ಕಾಲದ ಅಮೃತೇಶ್ವರ ದೇವಾಲಯವನ್ನಾಗಲಿ ನೋಡಿಕೊಂಡು ಬರಬಹುದು. ಆದರೆ ಚಾರಣದ ದಿನ ಮಾತ್ರ ಬೇರೆ ಏನನ್ನೂ ಇಟ್ಟುಕೊಳ್ಳಬೇಡಿರಿ. ಅವಸರದಲ್ಲಿ ಇಳಿದವರ ಕಾಲುಗಳೇ ಹೆಚ್ಚಾಗಿ ಉಳುಕುವುದು.

ಮೊದಲ ಸಲ ಹೊರಡುವವರು ಇದಕ್ಕೆ ಒಂದು ತಿಂಗಳು ಮುಂಚಿನಿಂದ ದಿನಕ್ಕೆ ಮುಕ್ಕಾಲು ಗಂಟೆ ಬಿರುಸಾಗಿ ನಡೆದು, ಮನೆಯ ಮೆಟ್ಟಿಲುಗಳನ್ನು ಹತ್ತಿಳಿದು ಅಭ್ಯಾಸ ಮಾಡಿಕೊಳ್ಳಲಿ. ಹೃದಯ, ಉಬ್ಬಸ, ರಕ್ತದೊತ್ತಡದ ತೊಂದರೆಯಿರುವವರು ವೈದ್ಯರ ಸಲಹೆ ಪಡೆದೇ ಹೊರಡಲಿ. ಹತ್ತಲಾರದವರನ್ನು ಮನೆಯಲ್ಲಿ ಬಿಡಬೇಡಿರಿ. ಅವರಿಗೂ ಒಂದು ಬಂಡೆ, ಒಂದು ಬೆಂಚು, ಒಂದು ಲೋಟ ಚಹಾ ಆ ಗಿರಿಯಲ್ಲಿ ಇದ್ದೇ ಇದೆ. ಮುಂಬರುವ ಚಳಿಗಾಲದಲ್ಲಿ ತಮ್ಮ ಮನೆಯವರೆಲ್ಲರೂ ಆ ಗಾಳಿಯನ್ನು ಒಮ್ಮೆ ಕುಡಿದು ಬರಲೆಂದು ಹಾರೈಸುತ್ತೇವೆ.